ಕಲ್ಲಿಗೆ ಆಸರೆ ಎಂತಕ್ಕೆ?

ಚಿರೇಕಲ್ಲಿನ ಗೋಡೆ ತಾನಾಗಿ ನಿಲ್ಲುತ್ತದೆ, ಅದಕ್ಕೆ ಆಸರೆ ಬೇಡ ಎಂದು ಯಾರಾದರೂ ನನ್ನೆದುರು ಹೇಳಿದರೆ ಇವತ್ತಿಗೂ ಮೈ ಉರಿಯುತ್ತದೆ. ಹಾಗೆ ಹೇಳುವವರು ಯಾವಾಗಲೂ ಮೇಲೆ ನಿಂತಿರುತ್ತಾರೆ. ಕೈಯಲ್ಲಿ ಕೊಡೆ ಇರುತ್ತದೆ. ಒಮ್ಮೆ ನಾನೂ ಹಾಗೆಯೇ ಕೊಡೆ ಹಿಡಿದು ನಿಂತು ಅದನ್ನೇ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ಬರೆದು ಸಹಿ ಹಾಕಿದ್ದೆ. ಆದ್ದರಿಂದ ಈ ಸಿಟ್ಟಿನಲ್ಲಿ ಅರ್ಧ ಪಾಲು ನನ್ನ ಮೇಲಿನದೇ. ಉಳಿದರ್ಧ ಯಾರ ಮೇಲೆ ಎಂಬುದನ್ನು ನೀವೇ ನೋಡಿ.

ಅರವತ್ತರ ದಶಕದ ಮೊದಲ ವರ್ಷಗಳು. ಹೊನ್ನಾವರಕ್ಕೆ ನಲ್ಲಿಯ ನೀರು ತರುವ ಕೆಲಸ. ಗುಡ್ಡದ ಮೇಲೆ ನೀರಿನ ಟಾಕಿ, ಕೆಳಗೆ ಬಂದರು, ನಡುವೆ ಬೀಡುಕಬ್ಬಿಣದ ಪೈಪು. ನಾನು ಇಲಾಖೆಯ ಓವರ್ಸಿಯರ್. ಗುತ್ತಿಗೆದಾರ ಕುಮಟೆಯವನು. ಅಗೆಯುವ ತಂಡ ಭಟ್ಕಳದ ಕಡೆಯದು, ಎಲ್ಲರೂ ಚಿರೇಕಲ್ಲಿನ, ಎಂದರೆ ಕೆಂಪು ಜಂಬಿಟ್ಟಿಗೆಯ, ಕಣಿಯಲ್ಲಿ ಕಲ್ಲು ಕಡಿದು ಬೆಳೆದವರು. ಅವರ ಮೇಸ್ತ್ರಿಗೆ ನಲವತ್ತು ದಾಟಿತ್ತು. ಗೋಡೆಗೆ ಪಿಕಾಸಿ ಹಾಕಿದರೆ ದಾರ ಹಿಡಿದು ಗೆರೆ ಎಳೆದಂತೆ ಬರುತ್ತಿತ್ತು, ಅಂಥ ಕೈ. ಪೈಪು ಜೋಡಿಸುವವರೂ ಭಟ್ಕಳದವರೇ. ಬೊಂಬಾಯಿಯಲ್ಲಿ ಕೆಲಸ ಕಲಿತು ಬಂದ ಮುದಿ ಫಿಟರ್. ಎಲ್ಲರೂ ಅವರನ್ನು ಚಾಚಾ ಎಂದು ಕರೆಯುತ್ತಿದ್ದರು, ನಾನೂ ಕೂಡ.

ಚಾಚಾನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಡೀ ವಿಷಯ ಅದರ ಮೇಲೆಯೇ ನಿಂತಿದೆ. ಒಂದು ಪೈಪಿನ ಬಾಯಿಯೊಳಗೆ ಇನ್ನೊಂದು ಪೈಪಿನ ತುದಿ ಕೂರಿಸಬೇಕು. ಸಂದಿಗೆ ಸಣಬು ತುರುಕಬೇಕು. ಕರಗಿದ ಸೀಸ ಹೊಯ್ಯಬೇಕು. ಆರಿದ ಮೇಲೆ ಉಳಿ ಹಿಡಿದು ಸುತ್ತಲೂ ಬಡಿದು ಬಿಗಿ ಮಾಡಬೇಕು. ಒಂದು ಸಂದಿಗೆ ಅರ್ಧ ತಾಸು. ಅಷ್ಟೂ ಹೊತ್ತು ಅವರು ತಳದಲ್ಲಿ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಬೆನ್ನು ಗೋಡೆಗೆ, ಕಣ್ಣು ಸಂದಿಗೆ. ಅಗೆಯುವವನು ಮಣ್ಣು ಸರಿದರೆ ಹಾರಿ ಓಡಬಹುದು. ಕೈಯಲ್ಲಿ ಕರಗಿದ ಸೀಸ ಇರುವವನು ಎಲ್ಲಿಗೆ ಓಡುತ್ತಾನೆ?

ಬಂದರಿನ ಕಡೆಯಿಂದ ಕೆಲಸ ಶುರು ಮಾಡಿದೆವು. ಅಲ್ಲಿ ಬರೀ ಮರಳು. ಎರಡಡಿ ಅಗೆದರೆ ಒಂದಡಿ ಜಾರಿ ವಾಪಸು ಬರುತ್ತದೆ. ಹಾಗಾಗಿ ಮರಳಿಗೆ ಎಲ್ಲರೂ ಹೆದರುತ್ತಾರೆ, ಆಸರೆಯ ಪಾಠವನ್ನು ಯಾರಿಗೂ ಹೇಳಬೇಕಾಗಲಿಲ್ಲ. ಎರಡೂ ಬದಿಗೆ ಹಲಗೆಗಳನ್ನು ಒಂದಕ್ಕೊಂದು ತಾಗಿಸಿ ನಿಲ್ಲಿಸುವುದು, ಹಲಗೆಗಳ ಮೇಲೆ ಉದ್ದಕ್ಕೆ ಮರದ ಪಟ್ಟಿ, ಆ ಬದಿಯ ಪಟ್ಟಿಯಿಂದ ಈ ಬದಿಯ ಪಟ್ಟಿಗೆ ಅಡ್ಡಗೂಟ, ಗೂಟದ ತುದಿಗೆ ಬೆಣೆ ಬಡಿದು ಬಿಗಿ ಮಾಡುವುದು. ಮೇಲಿನ ಗೂಟ ಮೊದಲು, ಕೆಳಗಿನದು ಆಮೇಲೆ. ತೆಗೆಯುವಾಗ ಕೆಳಗಿನದು ಮೊದಲು, ಅದೂ ಮಣ್ಣು ತುಂಬುತ್ತಾ ತುಂಬುತ್ತಾ. ಮುಂದೆ ಅಗೆದಂತೆ ಹಿಂದಿನ ಹಲಗೆಗಳು ಮುಂದಕ್ಕೆ ಹೋಗುತ್ತಿದ್ದವು. ಮಳೆಗಾಲದ ಮೊದಲೇ ಮರಳಿನ ಭಾಗ ಮುಗಿಯಿತು. ಒಬ್ಬನ ಉಗುರೂ ಮುರಿಯಲಿಲ್ಲ.

ಮಳೆ ನಿಂತ ಮೇಲೆ ಗುಡ್ಡದ ಏರು. ಪೈಪಿಗೆ ಏರಿಳಿತ ಆಗುವುದಿಲ್ಲ, ಇಳಿಜಾರು ಒಂದೇ ಸಮ ಇರಬೇಕು. ಆದ್ದರಿಂದ ನೆಲ ಉಬ್ಬಿದ ಕಡೆ ಅಗಳ ಆಳವಾಗುತ್ತದೆ. ಅಗಳ ಎಂದರೆ ಪೈಪಿನ ಕಂದಕ, ನಮ್ಮ ಕಡೆಯವರು ಹಾಗೆಯೇ ಅನ್ನುವುದು. ರಸ್ತೆ ತಿರುಗುವಲ್ಲಿ ಅದು ಹತ್ತಡಿ ಆಳ, ಮೂರಡಿ ಅಗಲ. ಅಲ್ಲಿ ನೆಲದ ಮೇಲಿನ ಪದರ ಚಿರೇಕಲ್ಲು. ಎಸ್ಟಿಮೇಟು ಮಾಡುವಾಗ ನಾನೇ ಅಲ್ಲಿ ಪರೀಕ್ಷೆಯ ಗುಂಡಿ ತೋಡಿಸಿದ್ದೆ. ನಾಲ್ಕಡಿ ತೋಡುವುದರೊಳಗೆ ಎರಡು ಪಿಕಾಸಿಯ ಮೂತಿ ಸವೆಯಿತು. ಬಿಸಿಲು ಏರಿತ್ತು. "ಇನ್ನು ತಳದವರೆಗೂ ಇದೇ" ಎಂದು ನಿಲ್ಲಿಸಿಬಿಟ್ಟೆ. ‘ಗಟ್ಟಿ ಕಲ್ಲು, ಆಸರೆ ಅಗತ್ಯವಿಲ್ಲ’ ಎಂದು ಬರೆದೆ. ಸಹಿ ಹಾಕಿದೆ. ಹೋಗಿ ಚಹಾ ಕುಡಿದೆ.

ಅಗಳ ತೋಡುವಾಗ ನಾಲ್ಕೂವರೆ ಅಡಿಗೆ ಕಲ್ಲು ಮುಗಿಯಿತು ನೋಡಿ. ಅದರ ಕೆಳಗೆ ಶೇಡಿ. ಬೆಣ್ಣೆಯಂಥ ಬಿಳಿ ಮಣ್ಣು, ಅಲ್ಲಲ್ಲಿ ಗುಲಾಬಿ ಬಣ್ಣದ ಗೆರೆ. ಒಣಗಿದ್ದಾಗ ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದರೆ ಸೋಪಿನಂತೆ ಜಾರುತ್ತದೆ. ಮಳೆಗಾಲದ ನೀರು ಇಡೀ ಗುಡ್ಡದಿಂದ ಬಂದು ಕಲ್ಲಿನ ಅಡಿಯಲ್ಲಿ, ಶೇಡಿಯ ಮೇಲೆ ಕೂತಿರುತ್ತದೆ.

ಶೇಡಿ ಕಂಡ ದಿನವೇ ಮೇಸ್ತ್ರಿಗೆ ಹೇಳಿದೆ, "ಇಲ್ಲಿಗೂ ಹಲಗೆ ಹಾಕಬೇಕು."

ಮೇಸ್ತ್ರಿ ನಕ್ಕ. "ಕಲ್ಲಿಗೆ ಆಸರೆ ಎಂತಕ್ಕೆ ಸಾಹೇಬ್ರೇ? ನಮ್ಮ ಕಣಿ ಇಪ್ಪತ್ತು ಅಡಿ ಆಳ ಉಂಟು. ಗೋಡೆ ನೆಟ್ಟಗೆ ನಿಂತದೆ. ಚಿರೇಕಲ್ಲು ಗಾಳಿ ಕುಡ್ದಷ್ಟೂ ಗಟ್ಟಿ ಆಗೂದು."

"ಕಣಿಯಲ್ಲಿ ತಳದವರೆಗೂ ಕಲ್ಲು. ಇಲ್ಲಿ ಕೆಳಗೆ ಶೇಡಿ."

"ಶೇಡಿ ಇರ್ಲಿ. ಮೇಲೆ ಹಾಸು ಕಲ್ಲು ಉಂಟಲ್ಲ, ಒಳ್ಳೆ ತೊಲೆ ಇಟ್ಟಾಂಗೆ. ಅದು ಶೇಡಿನ ಒತ್ತಿ ಹಿಡೀತದೆ."

ಈ ಮಾತು ತಪ್ಪು ಎನ್ನಲು ನನ್ನ ಹತ್ತಿರ ಪುಸ್ತಕದ ವಿದ್ಯೆ ಇತ್ತು. ಆದರೆ ಕಲ್ಲಿನ ವಿಷಯದಲ್ಲಿ ಅವನಿಗೆ ಎದುರಾಡಲು ಮುಖ ಬರಲಿಲ್ಲ. ಗುತ್ತಿಗೆದಾರನಿಗೆ ಹಲಗೆ ತರಿಸು ಎಂದೆ. ಅವನು ಮರಳಿನ ಭಾಗ ಮುಗಿದ ವಾರವೇ ಅಷ್ಟೂ ಹಲಗೆಗಳನ್ನು ಲಾರಿಗೆ ಹಾಕಿ ಕುಮಟೆಯ ತನ್ನ ಇನ್ನೊಂದು ಕೆಲಸಕ್ಕೆ ಕಳಿಸಿದ್ದ.

"ಎಂತಾ ಓವರ್ಸಿಯರ್ರೇ, ಎಸ್ಟಿಮೇಟಲ್ಲಿ ಗಟ್ಟಿ ಕಲ್ಲು ಅಂತ ಬರ್ದವ್ರು ನೀವೇ. ಈಗ ಹಲಗೆ ಬೇಕು ಅಂಬವ್ರೂ ನೀವೇ. ಎರಡ್ರಲ್ಲಿ ಯಾವ ಓವರ್ಸಿಯರ್ ಮಾತು ಕೇಳೂದು ನಾನು?"

ಅವನ ಸುತ್ತ ನಿಂತವರು ನಕ್ಕರು. ನಾನು ಕುಮಟೆಯ ಇಂಜಿನಿಯರರಿಗೆ ಕಾಗದ ಬರೆದೆ. ಮೂರು ದಿನ ಬಿಟ್ಟು ಒಂದು ಸಾಲಿನ ಉತ್ತರ ಬಂತು: ಮಂಜೂರಾದ ನಕ್ಷೆಯಂತೆ ಕೆಲಸ ಮುಂದುವರಿಸುವುದು, ದೀಪಾವಳಿಯೊಳಗೆ ಮುಗಿಸುವುದು. ಅವರು ಆ ಅಗಳದ ಅಂಚಿಗೆ ಒಮ್ಮೆಯೂ ಬಂದವರಲ್ಲ. ನಾನು ಆ ಕಾಗದವನ್ನು ಕಡತಕ್ಕೆ ಸೇರಿಸಿದೆ. ಮನಸ್ಸು ಹಗುರಾಯಿತು. ಹಗುರಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ. ಮೇಲಿನವರು ಬರೆದುಕೊಟ್ಟರು, ಹೊಣೆ ನನ್ನ ತಲೆ ಮೇಲಿಂದ ಹೋಯಿತು.

ಇನ್ನು ನಾನು ಮಾಡಿದ ದೊಡ್ಡ ಮೂರ್ಖತನ ಕೇಳಿ.

ದೀಪಾವಳಿಗೆ ಹತ್ತು ಹನ್ನೆರಡು ದಿನ ಇತ್ತು. ನಮ್ಮ ಕಡೆ ಹಬ್ಬದ ಮೊದಲು ಮಣ್ಣಿನ ಗೋಡೆಗೆ ಶೇಡಿ ಬಳಿಯುತ್ತಾರೆ, ಅಡಿಗೆ ಕೆಮ್ಮಣ್ಣಿನ ಪಟ್ಟಿ. ಒಳ್ಳೆಯ ಶೇಡಿ ಬೇಕೆಂದರೆ ಹೆಂಗಸರು ಎರಡು ಮೈಲಿ ನಡೆದು ಗುಡ್ಡದ ಬಿಲಕ್ಕೆ ಹೋಗಬೇಕು. ಇಲ್ಲಿ ಮನೆಯ ಎದುರಿಗೇ ತೆರೆದು ಬಿದ್ದಿದೆ. ತಿರುವಿನ ಮನೆಯ ಹೆಂಗಸು ಒಂದು ದಿನ ಬುಟ್ಟಿ ಹಿಡಿದು ಬಂದಳು.

"ಒಡೆಯಾ, ಒಂದು ಬುಟ್ಟಿ ಶೇಡಿ ತಕಂಬ್ಲಕ್ಕಾ? ಮೇಲೆ ರಾಶಿ ಹಾಕಿದ್ದು ಬೇಡ, ಅದ್ರಲ್ಲಿ ಬರೀ ಕೆಂಪು ಜಲ್ಲಿ. ಅಡಿದು ಬೇಕು, ಬಿಳೀದು."

ಒಂದು ಬುಟ್ಟಿ ಮಣ್ಣು. ಇಲ್ಲ ಅನ್ನಲು ನಾನೇನು ಯಮನೇ? "ಒಂದಲ್ಲ ನಾಲ್ಕು ಬುಟ್ಟಿ ತಗೊಳ್ಳಿ ಅಕ್ಕಾ. ಆಳುಗಳು ಗಂಜಿಗೆ ಹೋದಾಗ ಬನ್ನಿ" ಎಂದೆ.

ಮರುದಿನದಿಂದ ಮಧ್ಯಾಹ್ನ ಆಳುಗಳು ಗಂಜಿಗೆ ಎದ್ದರೆ ಸಾಕು, ಕೇರಿಯ ಹೆಂಗಸರೆಲ್ಲ ಏಣಿ ಇಳಿದು ಅಗಳದೊಳಗೆ. ಹಾಡು, ನಗೆ, ತಮಾಷೆ. ತೆಂಗಿನ ಕರಟದಲ್ಲಿ ಗೋಡೆಯಿಂದ ಕೆರೆದು ಕೆರೆದು ಬುಟ್ಟಿಗೆ ತುಂಬುತ್ತಿದ್ದರು. ವಾರದೊಳಗೆ ರಸ್ತೆಯ ಎರಡೂ ಬದಿಯ ಮನೆಗಳು ಬೆಳ್ಳಗೆ ಹೊಳೆಯತೊಡಗಿದವು. ಸಂಜೆ ಆ ದಾರಿಯಲ್ಲಿ ನಡೆದು ಹೋಗುವಾಗ ನನಗೆ ಒಂದು ಥರದ ಹೆಮ್ಮೆ. ಇಷ್ಟು ಗೋಡೆ ಬೆಳ್ಳಗಾದದ್ದು ನನ್ನ ಒಂದು ಮಾತಿನಿಂದ ಎಂದುಕೊಳ್ಳುತ್ತಿದ್ದೆ. ಅಷ್ಟು ಗೋಡೆಗೆ ಬಳಿದ ಮಣ್ಣು ಯಾವ ಗೋಡೆಯಿಂದ ಬಂತು ಎಂದು ಯೋಚಿಸಲಿಲ್ಲ. ಅಳತೆಯನ್ನೆಲ್ಲ ಮೇಲೆ ನಿಂತೇ ಮಾಡುತ್ತಿದ್ದೆ, ಕೋಲು ಇಳಿಸಿ. ಮೇಲಿನಿಂದ ಕಂಡದ್ದು ಕಲ್ಲಿನ ಅಂಚು. ದಾರ ಹಿಡಿದಷ್ಟು ನೆಟ್ಟಗೆ.

ಹಬ್ಬಕ್ಕೆ ನಾಲ್ಕು ದಿನ ಇದೆ ಎನ್ನುವಾಗ ತಿರುವಿನಲ್ಲಿ ಪೈಪು ಇಳಿಸಿದರು. ಚಾಚಾ ಬೆಳಿಗ್ಗೆ ಒಮ್ಮೆ ಕೆಳಗಿಳಿದು, ಸುಮ್ಮನೆ ಮೇಲೆ ಬಂದು, ಸೀಸದ ಒಲೆಯ ಹತ್ತಿರ ಕೂತು ಬೀಡಿ ಹಚ್ಚಿದರು. ಒಲೆಗೆ ಬೆಂಕಿ ಹಾಕಲಿಲ್ಲ.

"ಯಾಕೆ ಚಾಚಾ, ಮೈ ಸರಿ ಇಲ್ಲವೇ?"

"ನನ್ನ ಮೈ ಸರಿ ಉಂಟು. ನಿಮ್ಮ ಗೋಡೆ ಮೈ ಸರಿ ಇಲ್ಲ."

"ಮೇಸ್ತ್ರಿ ನೋಡಿದ್ದಾನೆ, ಗಟ್ಟಿ ಇದೆಯಂತೆ."

"ಮೇಸ್ತ್ರಿ ನಿಂತು ನೋಡ್ತಾನೆ. ನಾನು ಕೂತು ಕೆಲಸ ಮಾಡುವವ. ನೀವು ಕೆಳಗೆ ಬಂದು ನಾನು ಕೂರುವಲ್ಲಿ ಕೂತ್ಕೊಳ್ಳಿ ಸಾಹೇಬ್ರೇ. ಅರ್ಧ ತಾಸು ಬೇಡ, ಒಂದು ಬೀಡಿ ಮುಗಿಯುವಷ್ಟು ಹೊತ್ತು. ಆಮೇಲೆ ನೀವು ಹೇಳಿದ ಹಾಗೆ."

ಸಿಟ್ಟು ಬಂತು. ಆದರೂ ಚಪ್ಪಲಿ ಬಿಟ್ಟು ಏಣಿ ಇಳಿದೆ. ಆ ಅಗಳದೊಳಗೆ ನಾನು ಇಳಿದದ್ದು ಅದೇ ಮೊದಲು. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದು ಬರೆದು ಪ್ರಯೋಜನವಿಲ್ಲ.

ಕೂತು ನೋಡಿದೆ. ಗುಡ್ಡದ ಬದಿಯ ಗೋಡೆ ಕಲ್ಲಿನ ಅಡಿಯಿಂದ ಒಳಕ್ಕೆ ಹೋಗಿತ್ತು. ಕರಟದ ಗೆರೆ ಗೆರೆ, ಹೆಂಗಸರ ಬೆರಳಿನ ಗುರುತು. ಕೈ ಚಾಚಿದೆ, ಮೊಣಕೈ ದಾಟಿ ಒಳಗೆ ಹೋಯಿತು. ಹನ್ನೆರಡು ಅಡಿ ಉದ್ದಕ್ಕೂ ಹಾಗೆಯೇ. ನಾಲ್ಕೂವರೆ ಅಡಿ ದಪ್ಪದ ಕಲ್ಲಿನ ಅಂಚು ನನ್ನ ತಲೆಯ ಮೇಲೆ ಏನೂ ಇಲ್ಲದೆ ಚಾಚಿಕೊಂಡಿತ್ತು. ಕಲ್ಲು ಮತ್ತು ಶೇಡಿ ಕೂಡುವ ಗೆರೆಯಲ್ಲಿ ನೀರು ಒಸರುತ್ತಿತ್ತು, ಒಂದು ಹನಿ ನನ್ನ ಕುತ್ತಿಗೆಗೆ ಬಿತ್ತು. ನಾನು ಏಣಿ ಹತ್ತಿದ ವೇಗಕ್ಕೆ ಚಾಚಾ ಬೀಡಿ ಬಾಯಲ್ಲಿಟ್ಟುಕೊಂಡೇ ನಕ್ಕರು. ಮೇಲೆ ಬಂದು ಅಂಚಿನ ಹಿಂದೆ ಹುಲ್ಲು ಕೆದಕಿ ನೋಡಿದೆ. ಎರಡಡಿ ಹಿಂದಕ್ಕೆ, ಅಗಳಕ್ಕೆ ಸಮಾನಾಂತರವಾಗಿ ಒಂದು ಬಿರುಕು. ಬೆರಳಿನ ಉಗುರು ಹೋಗುವಷ್ಟು. ಸಾಲದ್ದಕ್ಕೆ ಅಗೆದ ಮಣ್ಣಿನ ರಾಶಿಯನ್ನೂ ಆ ಬಿರುಕಿನ ಮೇಲೆಯೇ ಹಾಕಿದ್ದರು.

ಕೆಲಸ ನಿಲ್ಲಿಸಿದೆ. ಯಾರೂ ಇಳಿಯಬಾರದು ಎಂದೆ. ಕುಮಟೆಗೆ ಹೋಗುವ ಬಸ್ಸಿನಲ್ಲಿ ಹಲಗೆ ತರಿಸಲು ಒಬ್ಬನನ್ನು ಕಳಿಸಿದೆ. ಏನು ಮಾಡಬೇಕು ಎಂಬುದು ಆಗ ಸ್ಪಷ್ಟವಾಗಿಯೇ ಇತ್ತು: ಮೊದಲು ಮಣ್ಣಿನ ರಾಶಿ ದೂರ ಸರಿಸುವುದು, ಬಿರುಕಿನವರೆಗಿನ ಕಲ್ಲನ್ನು ಮೇಲಿನಿಂದಲೇ ಕಡಿದು ತೆಗೆಯುವುದು, ಆಮೇಲೆ ಶೇಡಿಗೆ ಮರಳಿನ ಹಾಗೆಯೇ ಹಲಗೆ ತಾಗಿಸಿ ಆಸರೆ ಕೊಡುವುದು. ಬರೀ ಅಡ್ಡಗೂಟ ಸಾಲದು, ಒದ್ದೆ ಶೇಡಿ ಗೂಟಗಳ ನಡುವಿನಿಂದ ಹಿಸುಕಿಕೊಂಡು ಬರುತ್ತದೆ. ಬರೀ ಹಲಗೆಯೂ ಸಾಲದು, ಮೇಲಿನ ಕಲ್ಲಿನ ಭಾರ ಹೊರುವ ಶಕ್ತಿ ಅದಕ್ಕಿಲ್ಲ.

ಹನ್ನೊಂದು ಗಂಟೆಗೆ ಗುತ್ತಿಗೆದಾರ ಬಂದ. ಕೊಡೆ ಬಿಡಿಸಿದ. ಎಲ್ಲ ಕೇಳಿದ. ನನ್ನನ್ನು ಬಿಟ್ಟು ಮೇಸ್ತ್ರಿಯ ಕಡೆ ತಿರುಗಿದ.

"ಎಂತಾ ಮಾರಾಯಾ, ನೀ ಕಡ್ದ ಗೋಡೆ ಕಂಡು ಇವ್ರಿಗೆ ಚಳಿಜ್ವರ ಬಂತಂತಲ್ಲ. ಕಣಿ ಕಡ್ದ ನಿನ್ನಪ್ಪ ಇದ್ದಿದ್ರೆ ಅವನ ಎದ್ರು ಹೀಂಗೆ ಆಡ್ಕೊಂಡು ನಗ್ತಿದ್ರಾ?"

ಮೇಸ್ತ್ರಿಯ ಮುಖ ಕೆಂಪಾಯಿತು. "ಯಾರು ಹೇಳಿದ್ದು ನಮ್ಮ ಗೋಡೆ ಬೀಳ್ತದೆ ಅಂತ?"

"ನಾನು ಹೇಳಿದ್ದು" ಎಂದೆ. "ನೀನು ಕಡಿದದ್ದರಲ್ಲಿ ತಪ್ಪಿಲ್ಲ. ಅಡಿಯಲ್ಲಿ ಹೆಂಗಸರು ಶೇಡಿ ತೆಗೆದಿದ್ದಾರೆ. ನಾನೇ ತೆಗೆಯಲು ಬಿಟ್ಟದ್ದು. ಇಳಿಯಬೇಡ."

"ಹೆಂಗಸ್ರು ಕರಟದಲ್ಲಿ ಕೆರ್ದ್ರೆ ಗುಡ್ಡ ಬೀಳೂದಾ? ಹೆದ್ರುಪುಕ್ಲ್ರು ಹೇಳೂ ಮಾತು ಇದು. ಕಾಣಿ, ನಾ ಇಳೀತೆ, ಕಾಲಲ್ಲಿ ಒದೀತೆ. ಬಿದ್ರೆ ಬೀಳ್ಲಿ."

ಇಳಿದೇಬಿಟ್ಟ. ನಾನು ‘ಬೇಡ ಬೇಡ’ ಎಂದು ಕೂಗಿದೆ. ಅವನ ತೋಳು ನನ್ನಿಂದ ಒಂದು ಮೊಳ ದೂರದಲ್ಲಿತ್ತು, ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಗುತ್ತಿಗೆದಾರ ಕೊಡೆಯ ಅಡಿಯಲ್ಲಿ ನಗುತ್ತಿದ್ದ.

ಮೇಸ್ತ್ರಿ ಹಾರೆ ತೆಗೆದು ಕಲ್ಲಿನ ಅಡಿಗೆ ಎರಡು ಬಾರಿ ಬಡಿದ. ಟಣ್ ಟಣ್ ಎಂದು ಗಟ್ಟಿ ಕಲ್ಲಿನ ಶಬ್ದವೇ ಬಂತು. "ಕೇಳಿತಾ?" ಎಂದು ಮೇಲೆ ನೋಡಿದ. ಕಲ್ಲು ಅಲ್ಲಾಡಲಿಲ್ಲ. ಅದರ ಅಡಿಯ ಶೇಡಿ ಮೊದಲು ಬಂತು, ಸದ್ದಿಲ್ಲದೆ, ಪಾತ್ರೆಯಿಂದ ಗಂಜಿ ಚೆಲ್ಲಿದ ಹಾಗೆ. ಅವನ ಸೊಂಟದವರೆಗೆ ತುಂಬಿತು. ಆಮೇಲೆ ಬಿರುಕು ಬಾಯಿ ಬಿಟ್ಟಿತು. ಕಲ್ಲು ಮೂರು ತುಂಡಾಗಿ ಬಂತು. ಒಂದು ಅವನ ಮುಂದೆ ಬಿದ್ದು ಕಾಲನ್ನು ಕೆಸರಿನೊಳಗೆ ಒತ್ತಿತು. ಒಂದು ಆಚೆ ಬಿತ್ತು. ಎಲ್ಲಕ್ಕಿಂತ ದೊಡ್ಡದು ಎರಡು ಗೋಡೆಗಳ ನಡುವೆ ಅಡ್ಡ ಸಿಕ್ಕಿಕೊಂಡು, ಅವನ ತಲೆಯ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ನಿಂತಿತು.

ಅವನು ಕೂಗಲಿಲ್ಲ. "ಸಾಹೇಬ್ರೇ" ಎಂದ, ಅಷ್ಟೇ.

ಜನ ಓಡಿ ಬಂದರು. ಐವತ್ತು ಜನ ಅಂಚಿಗೆ. ಯಾರೋ ಹಗ್ಗ ತಂದರು, ಕಂಕುಳಿಗೆ ಕಟ್ಟಿ ಎಳೆಯಿರಿ ಎಂದು ಕೂಗಿದರು. ಆಗ ನನಗೆ ಬಂದ ಸಿಟ್ಟು ಬದುಕಿನಲ್ಲಿ ಮತ್ತೆ ಬರಲಿಲ್ಲ. "ಹಗ್ಗ ಕೆಳಗೆ ಹಾಕಿ! ಎಳೆದರೆ ಅರ್ಧ ಮನುಷ್ಯ ಬರುತ್ತಾನೆ! ಎಲ್ಲರೂ ಹಿಂದೆ! ಹತ್ತು ಹೆಜ್ಜೆ ಹಿಂದೆ!" ಗುತ್ತಿಗೆದಾರ ಇನ್ನೂ ಅಂಚಿನಲ್ಲೇ ನಿಂತಿದ್ದ. ಅವನ ಕೊಡೆ ಕಿತ್ತು ರಸ್ತೆಗೆ ಎಸೆದೆ. ಅವನೂ ಹಿಂದೆ ಹೋದ.

ಚಾಚಾ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು, "ಹಲಗೆ?"

ಹಲಗೆ ಕುಮಟೆಯಲ್ಲಿ. ಬಂದರೆ ನಾಳೆ. ಎದುರು ಗೋಡೆ ಯಾವಾಗ ಬರುತ್ತದೋ ಗೊತ್ತಿಲ್ಲ. ಸುತ್ತ ನೋಡಿದೆ. ಕಂಡದ್ದು ಮನೆಗಳು. ಬೆಳ್ಳಗೆ ಶೇಡಿ ಬಳಿದ ಗೋಡೆಗಳು, ಗೋಡೆಗಳ ನಡುವೆ ಹಲಸಿನ ಮರದ ದಪ್ಪ ಬಾಗಿಲುಗಳು. ನಮ್ಮ ಹಳೆಯ ಮನೆಗಳ ಬಾಗಿಲಿಗೆ ಬಿಜಾಗರಿ ಇರುವುದಿಲ್ಲ, ಕುಳಿಯಲ್ಲಿ ತಿರುಗುವ ಕಂಬದ ಬಾಗಿಲು. ಎತ್ತಿದರೆ ಬರುತ್ತದೆ.

"ಬಾಗಿಲು ತನ್ನಿ" ಎಂದೆ.

ಮೊದಲು ಹೊರಟವಳು ತಿರುವಿನ ಮನೆಯ ಆ ಹೆಂಗಸು. ಗಂಡನಿಗೆ, "ಎಂತಾ ಬಾಯಿ ಬಿಟ್ಕಂಡು ನಿಂತ್ರಿ, ಎತ್ತಿ" ಎಂದು ಗದರಿದ್ದು ಇಲ್ಲಿಗೂ ಕೇಳಿಸಿತು. ಆಮೇಲೆ ಒಂದರ ಹಿಂದೆ ಒಂದು ಬಂದವು. ಎಂಟು ಬಾಗಿಲು.

ಮೊದಲ ಕೆಲಸ ತಲೆಯ ಮೇಲಿನ ಕಲ್ಲು. ಹನ್ನೆರಡಡಿಯ ಪೈಪೊಂದನ್ನು ಅಗಳಕ್ಕೆ ಅಡ್ಡ ಹಾಕಿದೆವು, ಎರಡು ತುದಿಯೂ ಬಿರುಕಿನಿಂದ ಆಚೆಯ ಗಟ್ಟಿ ನೆಲದ ಮೇಲೆ. ಪೈಪು ಇಳಿಸುವ ಸರಪಳಿಯನ್ನು ಕಲ್ಲಿಗೆ ಸುತ್ತಿ ಆ ಪೈಪಿಗೆ ಬಿಗಿದೆವು. ಎತ್ತಲು ಹೋಗಲಿಲ್ಲ. ಬೀಳದಿದ್ದರೆ ಸಾಕಿತ್ತು.

ಆಮೇಲೆ ಬಾಗಿಲು. ಮೇಸ್ತ್ರಿ ಇದ್ದ ಜಾಗಕ್ಕೆ ನೇರ ಇಳಿಯಲಿಲ್ಲ. ಗೋಡೆ ಸರಿ ಇದ್ದ ಕಡೆಯಿಂದ ಶುರು ಮಾಡಿ ಅವನ ಕಡೆ ಹೋಗಬೇಕು, ಆಸರೆ ಆದಷ್ಟೇ ಮುಂದೆ ಹೆಜ್ಜೆ. ಎದುರು ಬದುರು ಎರಡು ಬಾಗಿಲು ಇಳಿಸಿ ನಡುವೆ ಅಡ್ಡಗೂಟ ಬೇಕು, ಎರಡೂವರೆ ಅಡಿಯದು. ಗೂಟ ಎಲ್ಲಿದೆ? ಅದೇ ಹೆಂಗಸು ಭತ್ತ ಕುಟ್ಟುವ ಒನಕೆ ತಂದು ನನ್ನ ಕಾಲ ಬುಡದಲ್ಲಿ ಹಾಕಿದಳು.

"ಉದ್ದ ಆಗುತ್ತದೆ ಅಕ್ಕಾ. ಕೊಯ್ಯಬೇಕು."

"ಕೊಯ್ಯಿ. ಅಂವ ಬದ್ಕಿದ್ರೆ ಮತ್ತೊಂದು ಮಾಡಿಸ್ಲಕ್ಕು."

ಏಳು ಒನಕೆ ಕೊಯ್ದೆವು. ಮೊದಲ ಜೋಡಿ ಬಾಗಿಲಿಗೆ ಮೇಲಿನ ಗೂಟವನ್ನು ಮೇಲಿನಿಂದಲೇ ಬಡಿದೆವು, ಆಮೇಲೆ ಚಾಚಾ ಅದರ ರಕ್ಷಣೆಯಲ್ಲಿ ಇಳಿದು ಕೆಳಗಿನದನ್ನು ಬಡಿದರು. ಎರಡನೇ ಜೋಡಿ. ಮೂರನೆಯದು. ಮೂರನೆಯದು ಬಿಗಿಯಾಗುವಾಗ ಎದುರು ಗೋಡೆ ಬಾಗಿಲಿನ ಹಿಂದೆ ಕುಸಿಯಿತು. ಬಾಗಿಲು ಗಿರ್ ಎಂದಿತು, ಒನಕೆ ತಡೆಯಿತು. ನಾಲ್ಕನೆಯ ಜೋಡಿ ಮೇಸ್ತ್ರಿಯ ಎರಡೂ ಬದಿಗೆ. ಕೆಸರು ಇದ್ದದ್ದರಿಂದ ಅದು ತಳ ಮುಟ್ಟಲಿಲ್ಲ. ಒಳಗಿನ ಕೆಸರು ತೆಗೆದಂತೆ ಗೂಟ ಸಡಿಲಿಸದೆ ಒಂದೊಂದೇ ಬಾಗಿಲನ್ನು ಮೇಲಿನಿಂದ ಬಡಿದು ಇಳಿಸಿದೆವು. ಮರಳಿನಲ್ಲಿ ಬಾವಿಯ ಬಳೆ ಇಳಿಸುತ್ತಾರಲ್ಲ, ಹಾಗೆ.

ಗುದ್ದಲಿ ಹಾಕುವಂತಿರಲಿಲ್ಲ, ಕಾಲಿಗೆ ತಾಗುತ್ತದೆ. ಕೇರಿಯ ಹೆಂಗಸರು ಕರಟ ಕೊಟ್ಟರು. ಅದೇ ಕರಟಗಳು. ಚಾಚಾ ಒಂದು ಕಡೆ, ನಾನು ಒಂದು ಕಡೆ ಕೂತು, ಗೋಡೆ ಕೆರೆದ ಕರಟದಿಂದಲೇ ಮನುಷ್ಯನನ್ನು ಕೆರೆದು ತೆಗೆದೆವು. ಮೇಸ್ತ್ರಿಗೆ ಪ್ರಜ್ಞೆ ಇತ್ತು. ನಡುವೆ ಒಮ್ಮೆ ಬಾಗಿಲನ್ನು ಮುಟ್ಟಿ ನೋಡಿ, "ಇದು ಹಲಸು ಅಲ್ದ?" ಎಂದು ಕೇಳಿದ. ಚಾಚಾ, "ಮಾತಾಡ್ಬೇಡ, ನಿನ್ನ ಕಲ್ಲಿಗಿಂತ ಗಟ್ಟಿ ಉಂಟು" ಎಂದರು.

ದೀಪ ಹಚ್ಚುವ ಹೊತ್ತಿಗಿಂತ ಮುಂಚೆ ಅವನನ್ನು ಮೇಲೆ ತಂದೆವು. ಒಂಬತ್ತನೆಯ ಬಾಗಿಲೊಂದು ಬಂದಿತ್ತು, ಅದರ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊತ್ತರು. ಜೀವ ಉಳಿಯಿತು. ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು.

ಎಂಟು ಬಾಗಿಲು ಅಗಳದಲ್ಲೇ ಉಳಿದವು. ತೆಗೆದರೆ ರಸ್ತೆಯ ಜೊತೆಗೆ ಮನೆಗಳ ಅಡಿಪಾಯವೂ ಬರುತ್ತಿತ್ತು. ಹಲಗೆ ನಾಳೆ ಬರುತ್ತದೆ ಎಂದದ್ದು ಐದನೆಯ ದಿನ ಬಂತು, ಹಬ್ಬ ಕಳೆದ ಮೇಲೆ. ಅಷ್ಟು ದಿನ ಆ ಕೇರಿಯ ಎಂಟು ಮನೆಗಳಿಗೆ ಬಾಗಿಲಿಲ್ಲ. ಹಬ್ಬದ ದಿನ ಆ ದಾರಿಯಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದೆ. ಒನಕೆ ಕೊಟ್ಟ ಹೆಂಗಸು ಬಿಡಲಿಲ್ಲ.

"ಒಡೆಯಾ, ಬಾಗ್ಲಿಲ್ದೆ ಇದ್ರೆ ಲಕ್ಷ್ಮಿ ಸಲೀಸಾಗಿ ಬರ್ತಿದ್ಲೋ ಎಂತೋ. ಈಗ ಬರೂದು ನಾಯಿ. ನಿಮ್ಮ ಹಲಗೆ ಕುಮಟೆಯಿಂದ ತೆವಳ್ಕಂಡು ಬರ್ತದಾ?"

ಬೈಗುಳ ನ್ಯಾಯವಾದದ್ದೇ.

ನಿಜವಾದ ಕೊಳಕು ಆಮೇಲೆ ಬಂತು. ಇಂಜಿನಿಯರರು ಜೀಪಿನಲ್ಲಿ ಬಂದರು. ಅಂಚಿನಿಂದ ಒಮ್ಮೆ ಬಗ್ಗಿ ನೋಡಿದರು. ವಿಚಾರಣೆಯ ಹೇಳಿಕೆ ಟೈಪಾಗಿಯೇ ಬಂದಿತ್ತು: ಊರಿನ ಹೆಂಗಸರು ಅಪ್ಪಣೆ ಇಲ್ಲದೆ ಗೋಡೆಯ ಮಣ್ಣು ಕದ್ದದ್ದರಿಂದ ಮತ್ತು ಕೆಲಸಗಾರನು ಆಜ್ಞೆ ಮೀರಿ ಇಳಿದದ್ದರಿಂದ ಅಪಘಾತ ಸಂಭವಿಸಿದೆ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಗುತ್ತಿಗೆದಾರ ಹೊಸ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದ.

"ಸಹಿ ಹಾಕಿ ಬಿಡಿ" ಎಂದರು ಇಂಜಿನಿಯರರು. "ನಿಮ್ಮ ಮೇಲೆ ಏನೂ ಬರುವುದಿಲ್ಲ."

ಅದೇ ಮಾತು ನನ್ನನ್ನು ಚುಚ್ಚಿದ್ದು. ನನ್ನ ಮೇಲೆ ಏನೂ ಬರುವುದಿಲ್ಲ. ಬಂದದ್ದು ಮೇಸ್ತ್ರಿಯ ಮೇಲೆ, ಇನ್ನು ಬರುವುದು ಬಾಗಿಲು ಕೊಟ್ಟವರ ಮೇಲೆ. ಆ ಕಾಗದವನ್ನು ತಿರುಗಿಸಿ ಬೆನ್ನ ಮೇಲೆ ನನ್ನ ಕೈಯಾರೆ ಬರೆದೆ. ಪರೀಕ್ಷೆಯ ಗುಂಡಿ ಹತ್ತಡಿ ಬೇಕಿತ್ತು, ನಾಲ್ಕಡಿಗೆ ನಿಲ್ಲಿಸಿದವನು ನಾನು. ಆಸರೆ ಬೇಡ ಎಂದು ಬರೆದವನು ನಾನು. ಶೇಡಿ ತೆಗೆಯಲು ಅಪ್ಪಣೆ ಕೊಟ್ಟವನು ನಾನು. ಆಸರೆ ಬೇಕೆಂದು ಆಮೇಲೆ ಕೇಳಿದ್ದೂ ನಾನು, ಕೊಡಬೇಡಿ ಎಂಬ ಉತ್ತರ ಇದರ ಜೊತೆಗಿದೆ. ಹಲಗೆಗಳು ಅಂದು ಎಲ್ಲಿದ್ದವು ಎಂಬುದನ್ನು ಗುತ್ತಿಗೆದಾರರನ್ನು ಕೇಳುವುದು. ಇಷ್ಟು ಬರೆದು ಸಹಿ ಹಾಕಿದೆ. ಇಂಜಿನಿಯರರು ಓದಿ, "ನಿಮಗೆ ಹುಚ್ಚು" ಎಂದರು. ಆ ವರ್ಷವೇ ನನಗೆ ಬದಲಿ ಆಯಿತು. ಗುತ್ತಿಗೆದಾರನಿಗೆ ಏನೂ ಆಗಲಿಲ್ಲ. ಅವನು ಮುಂದೆಯೂ ಕೆಲಸ ಮಾಡಿದ, ಕೊಡೆ ಹಿಡಿದೇ. ಇದನ್ನು ಓದುವವರು ಕೊನೆಗೆ ನ್ಯಾಯ ಸಿಕ್ಕಿತು ಎಂದು ಕಾಯುತ್ತಿದ್ದರೆ ಕಾಯಬೇಡಿ.

ಬದಲಿಯಾಗಿ ಹೋಗುವ ಮೊದಲು ಆ ತಿರುವನ್ನು ಮಾತ್ರ ನಾನು ಹೇಳಿದಂತೆಯೇ ಮುಗಿಸಿದೆ. ಕಲ್ಲನ್ನು ಎರಡೂ ಬದಿಗೆ ಮೆಟ್ಟಿಲಿನಂತೆ ಹಿಂದಕ್ಕೆ ಕಡಿಸಿದೆ. ಶೇಡಿಗೆ ತಳದವರೆಗೆ ಹಲಗೆ, ಪಟ್ಟಿ, ಗೂಟ, ಬೆಣೆ. ಹಲಗೆಗಳ ನಡುವೆ ನೀರು ಒಸರಲು ಬೆರಳಿನಷ್ಟು ಸಂದಿ, ಸಂದಿಗೆ ಹುಲ್ಲು. ಬೆಳಿಗ್ಗೆ ಯಾರಿಗಿಂತ ಮೊದಲು ನಾನು ಇಳಿಯುತ್ತಿದ್ದೆ. ಚಾಚಾ ಕೂರುವಲ್ಲಿ ಕೂತು, ಎದ್ದು, ಆಮೇಲೆಯೇ ಒಲೆಗೆ ಬೆಂಕಿ. ಬಾಗಿಲುಗಳು ತೊಳೆದು ವಾಪಸು ಹೋದವು. ಎಲ್ಲದರ ಬೆನ್ನಿಗೂ ಒನಕೆಯ ತುದಿಯ ದುಂಡು ಗುರುತು.

ಮುಂದಿನ ವರ್ಷ ನನ್ನ ಕೆಲಸ ಭಟ್ಕಳದಲ್ಲಿ. ಪಕ್ಕದ ಜಾಲಿ ಎಂಬ ಊರಿನ ಕಡೆ ಒಂದು ಪೈಪಿನ ಕೆಲಸ ಬಂದಾಗ ಮೇಸ್ತ್ರಿಯ ಮನೆಗೆ ಹೋದೆ. ಹೋಗಲು ಅಷ್ಟು ತಿಂಗಳು ಧೈರ್ಯ ಸಾಲಲಿಲ್ಲ. ಅವನು ಚಪ್ಪರದ ಅಡಿಯಲ್ಲಿ ಕೂತು ಕಣಿಯಿಂದ ಬಂದ ಕಲ್ಲುಗಳ ಮೈ ಕೆತ್ತಿ ಸಮ ಮಾಡುತ್ತಿದ್ದ. ಊರುಗೋಲು ಪಕ್ಕದಲ್ಲಿ. ಕುಶಲ ಕೇಳಲಿಲ್ಲ, ಕೂತ್ಕೊಳ್ಳಿ ಎನ್ನಲೂ ಇಲ್ಲ.

"ಜಾಲಿಯಲ್ಲಿ ಅಗಳ ತೋಡ್ತ್ರಂತೆ?"

"ಹೌದು. ಒಂಬತ್ತು ಅಡಿ ಬರುತ್ತದೆ. ಆಸರೆ ಬರೆದಿದ್ದೇನೆ."

"ಕಲ್ಲು ಉಂಟಾ?"

"ಮೇಲೆ ಐದಡಿ ಇದೆ."

"ಅಡಿಗೆ?"

"ಶೇಡಿ."

ಅವನು ಕೈಯಲ್ಲಿದ್ದ ಉಳಿ ಕೆಳಗಿಟ್ಟ. ನನ್ನ ಮುಖವನ್ನೇ ನೋಡಿದ. ಇಲಾಖೆಯಲ್ಲಿ ಅಷ್ಟು ಜನ ಅಷ್ಟು ಕಾಗದ ಬರೆದರು, ಅವನು ಮುಂದೆ ಕೇಳಿದ ಪ್ರಶ್ನೆಯನ್ನು ಮಾತ್ರ ಯಾರೂ ನನ್ನನ್ನು ಕೇಳಿರಲಿಲ್ಲ.

"ಯಾರು ಹೇಳಿದ್ದು ನಿಮ್ಗೆ, ಶೇಡಿ ಅಂತ?"

"ಯಾರೂ ಹೇಳಲಿಲ್ಲ. ಗುಂಡಿಯನ್ನು ತಳದವರೆಗೆ ತೋಡಿಸಿ ನಾನೇ ಇಳಿದೆ. ಕೂತು ನೋಡಿದೆ."

"ಆತು" ಎಂದ. ಆಮೇಲೆ ಒಳಗೆ ತಿರುಗಿ ಹೆಂಡತಿಗೆ ಕೂಗಿದ, "ಸಾಹೇಬ್ರು ಬಂದಿರು. ಒಂದು ಚಾಪೆ ಹಾಸು."